ಕಿವಿಗೆ ಬೀಳದ ಪ್ರಶ್ನೆ

ನಮ್ಮ ಊರಿನ ಬಾಗಿಲುಗಳು ಮನುಷ್ಯರ ಮಾತು ಕೇಳುತ್ತವೆ. ಹೊರಡುವವರು ಹೊಸ್ತಿಲ ಮೇಲೆ ನಿಂತು 'ಬರ್ತೀನಿ' ಅಂದರೆ ಬಾಗಿಲು ಅವರಿಗಾಗಿ ಕಾಯುತ್ತದೆ. ತಿರುಗಿ ಬಂದಾಗ ಅಂಗೈ ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ. 'ಹೋಗ್ತೀನಿ' ಅಂದರೆ ಹೋದವರು ಹೋದಂತೆಯೇ. ಇಲ್ಲಿನ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದ ಹೊಸದರಲ್ಲಿ ನಾನು ಮರದ ಜಾತಿ, ತಿರುಗಣಿಯ ಎಣ್ಣೆ, ಗಾಳಿಯ ತೇವ ಎಂದೆಲ್ಲ ತಲೆ ಕೆಡಿಸಿಕೊಂಡು ಕೊನೆಗೆ ಕೈಬಿಟ್ಟೆ. ಊರಿನವರಿಗೆ ಅದು ನೀರು ಇಳಿಜಾರಿಗೆ ಹರಿದಷ್ಟೇ ಸಹಜ. ಮಕ್ಕಳಿಗೆ ಹಲ್ಲು ಬರುವ ಮೊದಲೇ ಆ ಇನ್ನೊಂದು ಮಾತನ್ನು ಹೊಸ್ತಿಲಲ್ಲಿ ಆಡಬಾರದೆಂದು ತುಟಿಯ ಮೇಲೆ ಬೆರಳಿಟ್ಟು ಕಲಿಸುತ್ತಾರೆ. ಬಾಗಿಲ ಹತ್ತಿರ 'ಹೋಗು' ಎಂಬ ಕ್ರಿಯಾಪದವನ್ನೇ ಅವರು ಬಳಸುವುದಿಲ್ಲ. ಮೊದಲ ದಿನ ನಮ್ಮ ಮನೆ ಮಾಲೀಕರು 'ಕಾಲೇಜಿಗೆ ಬರ್ತೀರಾ ಮೇಷ್ಟ್ರೇ?' ಎಂದು ಕೇಳಿದರು. ಅವರೂ ಹೊರಟಿದ್ದಾರೆಂದು ತಿಳಿದು ನಾನು ಅವರು ಚಪ್ಪಲಿ ಮೆಟ್ಟಲೆಂದು ಬಹಳ ಹೊತ್ತು ಕಾದು ನಿಂತೆ. ಅವರು ನನ್ನನ್ನೂ ನಾನು ಅವರನ್ನೂ ನೋಡುತ್ತ, ಇಬ್ಬರೂ ನಗುವುದೋ ಬಿಡುವುದೋ ತಿಳಿಯದೆ ನಿಂತಿದ್ದೆವು.

ಆಗಿನ ಬಾಗಿಲುಗಳಿಗೆ ದನಿಯ ಒಳಗುಟ್ಟು ತಿಳಿಯುತ್ತಿತ್ತು. ಸಿಟ್ಟಿನಲ್ಲಿ ಯಾರಾದರೂ ಆಡಬಾರದ ಮಾತಾಡಿ ಹೊರಟರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ನಿಜ. ಆದರೆ ಒಳಗಿನವರು ಒಬ್ಬರು, ತಾಯಿಯೋ ತಂಗಿಯೋ, 'ಬಾ ಒಳಗೆ, ಮುದ್ದೆ ಆರ್ತಾ ಇದೆ' ಅಂದರೆ ತೆರೆದುಕೊಳ್ಳುತ್ತಿತ್ತು. ಜಗಳಗಳು ಹೆಚ್ಚೆಂದರೆ ಮುದ್ದೆ ಆರುವಷ್ಟು ಹೊತ್ತು ಬಾಳುತ್ತಿದ್ದವು.

ಕಳ್ಳನೊಬ್ಬ ಬಂದು ಅದನ್ನು ಕೆಡಿಸಿದ. ಅವನು ಬಾಗಿಲು ಮುರಿಯಲಿಲ್ಲ. ಬಳೆ ಮಾರುವವನಾಗಿ ಬಂದು, ನೀರು ಕುಡಿದು, ಮಕ್ಕಳನ್ನು ಮಾತಾಡಿಸಿ, ಹೊರಡುವಾಗ ನಯವಾಗಿ 'ಬರ್ತೀನಿ ತಾಯಿ' ಅನ್ನುತ್ತಿದ್ದ. ಬಾಗಿಲುಗಳು ಅವನಿಗಾಗಿಯೂ ಕಾದವು. ಮನೆಯವರು ಮದುವೆಗೋ ಗದ್ದೆಗೋ ತೆರಳಿದಾಗ ಬಂದ, ಅವು ತೆರೆದುಕೊಂಡವು. ಅವನು ಒಯ್ದದ್ದು ಹೆಚ್ಚೇನಲ್ಲ. ಆದರೆ ಊರಿಗೆ ನಿದ್ದೆ ಬರದಾಯಿತು. ಆಟೊಗಳ ಮೇಲೆ ಧ್ವನಿವರ್ಧಕ ಕಟ್ಟಿ 'ಅಪರಿಚಿತರಿಗೆ ನೀರು ಕೊಡಬೇಡಿ' ಎಂದು ಕೂಗಿಸಿದರು. ಫೋನಿನಿಂದ ಫೋನಿಗೆ ಯಾವ ಊರಿನದೋ ಯಾರದೋ ಮುಖ ಹರಿದಾಡಿತು. ಬಾಚಣಿಗೆ ಮಾರಲು ಬಂದ ಬಡಪಾಯಿಯೊಬ್ಬನನ್ನು ದೀಪದ ಕಂಬಕ್ಕೆ ಕಟ್ಟಿ ಹೊಡೆದರು. ಆ ಬಳಿಕ ಪುರಸಭೆ ಪ್ರತಿ ಬಾಗಿಲ ಮೇಲೂ ಹಿತ್ತಾಳೆಯ ಕಿವಿ ಕೂರಿಸಿತು. ಕಿವಿಯಿಂದ ಕಿವಿಗೆ ತಂತಿ ಎಳೆಯಿತು. ಒಂದು ಬಾಗಿಲು ಕೇಳಿದ್ದು ಊರಿನ ಎಲ್ಲ ಬಾಗಿಲುಗಳಿಗೂ ತಿಳಿಯುವಂತಾಯಿತು, ಹತ್ತು ಮನೆಯಲ್ಲಿ 'ಬರ್ತೀನಿ' ಅಂದ ಹೊರಗಿನವನಿಗೆ ಒಂದೂ ತೆರೆಯದಾಯಿತು. ಹೋದವರನ್ನು ಒಳಕ್ಕೆ ಕರೆಯಬೇಕಾದರೆ ಒಬ್ಬರ ಮಾತು ಸಾಲದು, ಬೀದಿಯ ದೊಡ್ಡವರೆಲ್ಲ ತಂತಮ್ಮ ಹೊಸ್ತಿಲಲ್ಲಿ ನಿಂತು ಒಟ್ಟಿಗೆ ಕರೆಯಬೇಕು ಎಂದಾಯಿತು. ಕಳ್ಳನೊಬ್ಬ ಒಂಟಿ ಹೆಂಗಸಿನ ಕತ್ತಿಗೆ ಚಾಕು ಹಿಡಿದು ಕರೆಸಿಕೊಂಡರೆ ಎಂಬ ಯೋಚನೆಯಿಂದ ಮಾಡಿದ ನಿಯಮ ಅದು, ಮೂರ್ಖತನದ್ದಲ್ಲ. ಕಳವು ನಿಂತೇಹೋಯಿತು. ನೂಲಿನ ಗಿರಣಿಯ ಹುಡುಗಿಯರು ಎರಡನೆಯ ಪಾಳಿ ಮುಗಿಸಿ ಹಾಡಿಕೊಂಡು ಮನೆಗೆ ಬಂದರು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಅನ್ಯಾಯವಾದೀತು.

ಆದರೆ ಕಿವಿಗಳು ಬಂದ ಮೇಲೆ ಬಾಗಿಲುಗಳು ನಮ್ಮನ್ನೂ ತೂಗತೊಡಗಿದವು. ಹೋದವರು ಒಳಗೆ ಬಂದರೆ ಅವರನ್ನು ಕರೆದ ಮನೆಯ ಬಾಗಿಲು ಆ ಮನೆಯವರ ಮೇಲೆಯೇ ಅನುಮಾನ ಪಟ್ಟು ಮಂದವಾಗುತ್ತಿತ್ತು. ಅಂಗೈ ತಾಗಿಸಿದರೆ ತಕ್ಷಣ ತೆರೆಯದೆ ಯೋಚಿಸುತ್ತಿತ್ತು. ಮಳೆಯಲ್ಲಿ ನೆನೆಯುತ್ತ ಮಗುವನ್ನು ಎತ್ತಿಕೊಂಡು ನಿಂತವರಿಗೆ ಅದರ ಯೋಚನೆ ಬಲು ದೀರ್ಘ. ಮಂದ ಬಾಗಿಲಿನ ಮನೆಯವರಿಗೆ ಹೆಣ್ಣು ಕೊಡಲು ಹಿಂದುಮುಂದು ನೋಡುವವರೂ ಹುಟ್ಟಿಕೊಂಡರು.

ನಮ್ಮ ಹಿಂದಿನ ಬೀದಿಯಲ್ಲಿ ಹೊಲಿಗೆ ಮಿಷನ್ ರಿಪೇರಿಯ ಮರಿಸ್ವಾಮಿ ಇದ್ದರು. ಹೆಂಡತಿ ಇಲ್ಲ, ಮಗ ನಿಂಗರಾಜು, ಸೊಸೆ ಮಾದೇವಿ. ನಿಂಗರಾಜುವಿಗೆ ಪುರಸಭೆಯ ಬಾಗಿಲು ಕಚೇರಿಯಲ್ಲಿ ಏಣಿ ಹತ್ತಿ ಕಿವಿಗಳ ಧೂಳು ಒರೆಸುವ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಮಾದೇವಿ ಹೊಳೆಯಾಚೆಯ ಊರಿನವಳು. ಅಲ್ಲಿನ ಬಾಗಿಲುಗಳು ಬರೀ ಬಾಗಿಲುಗಳು. ಅವಳು ಮದುವೆಯಾಗಿ ಬಂದ ದಿನವೇ ಬೀದಿಯ ಹೆಂಗಸರೆಲ್ಲ ಸುತ್ತ ಕೂತು, ಯಾವ ಮಾತನ್ನು ಹೊಸ್ತಿಲ ಮೇಲೆ ಆಡಬಾರದೆಂದು ಕಲಿಸಿದ್ದರು. ಅವಳು ಒಮ್ಮೆಯೂ ತಪ್ಪಲಿಲ್ಲ.

ಅವತ್ತು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಒಗ್ಗರಣೆಯ ಮುಂದಿದ್ದಳು. ರಾಗಿ ಹಿಟ್ಟು ಮುಗಿದಿತ್ತು. ಮಾವ ರಾಗಿಯ ಚೀಲ ಹೆಗಲಿಗೇರಿಸಿದ ಸದ್ದು ಕೇಳಿ, ತಿರುಗಿ ನೋಡದೆಯೇ, ತನ್ನ ಊರಿನಲ್ಲಿ ಸಾವಿರ ಸಲ ಕೇಳಿದಂತೆ ಕೇಳಿದಳು. 'ಮಾವ, ಹಿಟ್ಟಿನ ಗಿರಣಿಗೆ ಹೋಗ್ತೀರಾ?'

ನಮ್ಮ ಭಾಷೆಯಲ್ಲಿ ಒಪ್ಪಿಕೊಳ್ಳುವುದೆಂದರೆ ಕೇಳಿದವರ ಕ್ರಿಯಾಪದವನ್ನೇ ಅವರಿಗೆ ಮರಳಿಸುವುದು. ತಿಂತೀಯಾ ಅಂದರೆ ತಿಂತೀನಿ. ಕೊಡ್ತೀಯಾ ಅಂದರೆ ಕೊಡ್ತೀನಿ. ಯೋಚಿಸಿ ಆಡುವ ಮಾತಲ್ಲ ಅದು, ಎಸೆದ ಚೆಂಡನ್ನು ಕೈ ತಾನಾಗಿ ಹಿಡಿದ ಹಾಗೆ. ಮರಿಸ್ವಾಮಿ ಒಂದು ಕಾಲು ಹೊಸ್ತಿಲಾಚೆ ಇಟ್ಟು, 'ಹ್ಞೂಂ ಕಣವ್ವ, ಹೋಗ್ತೀನಿ' ಅಂದರು.

ಅವರಿಗೇ ಅದು ಗೊತ್ತಾಗಲಿಲ್ಲ. ಗಿರಣಿ ತಲುಪಿದಾಗ ಅದರ ಬಾಗಿಲು ಎದುರಿಗೇ ಮುಚ್ಚಿಕೊಂಡಿತು. ಕರೆಂಟು ತೆಗೆದಿರಬೇಕೆಂದುಕೊಂಡು ಬೀಡಿ ಅಂಗಡಿಗೆ ತಿರುಗಿದರು. ಅದರ ಹಲಗೆಯೂ ಮುಚ್ಚಿಕೊಂಡಿತು. ಚೀಲ ಹೊತ್ತು ಮನೆಗೆ ಬಂದು ಅಂಗೈ ತಾಗಿಸಿದರು, ಮತ್ತೆ ತಾಗಿಸಿದರು. ಒಳಗಿನಿಂದ ಮಾದೇವಿ ಎಳೆದಳು, ಅವರು ಹೊಸ್ತಿಲಿನಿಂದ ಇಳಿಯುವವರೆಗೆ ಅದು ಅಲುಗಲಿಲ್ಲ. ಕೊನೆಗೆ ಕಿಟಕಿಯ ಸರಳುಗಳ ನಡುವೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವಳಿಗೆ ಆಗ ನೆನಪಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

'ನಾನು ಕೇಳಿದ್ದಕ್ಕೆ ಅಲ್ವಾ ಮಾವ?'

'ನೀ ಕೇಳ್ದೆ, ನಾನು ಹೇಳ್ದೆ. ಅದಕ್ಕೆ ಯಾಕೆ ಅಳೋದು? ಮೊದಲು ಈ ಚೀಲ ಎಲ್ಲಿಡಲಿ ಹೇಳು, ಭುಜ ಬಿದ್ದೋಗ್ತಿದೆ.'

ಅವತ್ತೇ ಮಾದೇವಿ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿಯ ಮಿಷನ್ನು ಮರಿಸ್ವಾಮಿಯ ಕೈಯಲ್ಲಿ ಎಷ್ಟೋ ಸಲ ಬದುಕಿಕೊಂಡದ್ದು, ಆ ಪರಿಚಯ. 'ಕಚೇರಿಯಲ್ಲಿ ಓದಿದವರ ಮಾತು ಕೇಳ್ತಾರಂತೆ, ಜೊತೆಗೆ ಬನ್ನಿ ಸರ್' ಅಂದಳು. ಬಂದೆ. ಬಾಗಿಲು ಕಚೇರಿಯ ಅಧಿಕಾರಿಣಿ ಒಳ್ಳೆಯ ಹೆಂಗಸು, ನಮ್ಮನ್ನು ಕೂರಿಸಿ ಟೀ ತರಿಸಿದರು.

'ಅವರು ಹೊರಟೋಗ್ತೀನಿ ಅಂತ ಹೇಳಿದ್ದಲ್ಲ ಮೇಡಂ, ನಾನು ಕೇಳಿದ್ದಕ್ಕೆ ಉತ್ತರ ಹೇಳಿದ್ದು' ಎಂದಳು ಮಾದೇವಿ.

'ನೀವು ಎಲ್ಲಿದ್ದು ಕೇಳಿದ್ರಿ?'

'ಒಲೆ ಮುಂದೆ.'

'ಕಿವಿ ಇರೋದು ಹೊಸ್ತಿಲ ಮೇಲೆ ಅಲ್ವೇನಮ್ಮ? ಅದಕ್ಕೆ ಅಲ್ಲಿ ಆಡಿದ ಮಾತಷ್ಟೇ ಬೀಳೋದು. ಉತ್ತರ ಬಿದ್ದಿದೆ. ಪ್ರಶ್ನೆ ಬಿದ್ದಿಲ್ಲ.'

ನಾನು ಏನೋ ಹೇಳಲು ಬಾಯಿ ತೆರೆದೆ. ಯಾವ ಉಪಕರಣವೂ ತಾನು ಅಳೆಯುವುದನ್ನಷ್ಟೇ ಅಳೆಯುತ್ತದೆ, ಅಳತೆಗೆ ಅರ್ಥ ಕೊಡುವುದು ನಾವು ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವನು ನಾನು. ಅದನ್ನೇ ಹೇಳಿದೆ ಕೂಡ. ಆಕೆ ಸಮಾಧಾನದಿಂದ ಕೇಳಿ, 'ನಿಜ ಸರ್. ಆದರೆ ಅರ್ಥ ಮಾಡಿಕೊಳ್ಳೋಕೆ ಅಂತ ಒಬ್ಬರನ್ನ ಕೂರಿಸಿದರೆ, ನಾಳೆ ಆ ಒಬ್ಬರನ್ನ ಯಾರಾದರೂ ಕೊಂಡುಕೊಳ್ತಾರೆ' ಅಂದರು. ನಾನು ಟೀ ಲೋಟ ಕೆಳಗಿಟ್ಟು ಎದ್ದೆ.

ಹೀಗೆ ಮರಿಸ್ವಾಮಿ ಜಗಲಿಯವರಾದರು. ಬಾಗಿಲ ಹೊರಗಿನ ಕಲ್ಲಿನ ಜಗಲಿಯ ಮೇಲೆ ಚಾಪೆ, ದಿಂಬು, ಹಲ್ಲುಪುಡಿ ಡಬ್ಬಿ, ಉಪಕರಣದ ಪೆಟ್ಟಿಗೆ. ಊಟದ ತಟ್ಟೆ ಸರಳಿನೊಳಗೆ ತೂರದ ಕಾರಣ ಮಾದೇವಿ ಮುದ್ದೆಯನ್ನು ಉದ್ದುದ್ದಕ್ಕೆ ತಟ್ಟಿ ಕೊಡುತ್ತಿದ್ದಳು. 'ನಮ್ಮ ಸೊಸೆ ಮುದ್ದೆಗೂ ಪ್ಯಾಂಟು ಹೊಲಿದವಳೆ' ಎಂದು ಮರಿಸ್ವಾಮಿ ದಾರಿಹೋಕರಿಗೆಲ್ಲ ತೋರಿಸುತ್ತಿದ್ದರು. ಅವರು ಮನೆಮನೆಗೆ ತಿರುಗುವುದು ತಪ್ಪಿ, ಮಿಷನ್ನುಗಳೇ ಅವರ ಬಳಿಗೆ ಬಂದವು. ಬೀದಿಯ ಮಂದಿ ಕಾಫಿ ತಂದುಕೊಟ್ಟರು, ಹಳೆಯ ಸ್ವೆಟರು ಕೊಟ್ಟರು, ಸಂಜೆ ಬಂದು ಅವರ ಕಾಲ ಬಳಿ ಕೂತು ಹರಟಿದರು. ನಿಂಗರಾಜು ಬೆಳಿಗ್ಗೆ ಏಣಿ ಹೊತ್ತು ಹೊರಡುವಾಗ ತಂದೆಯ ಕಾಲು ದಾಟದಂತೆ ಸುತ್ತು ಹಾಕಿ ಇಳಿದು, 'ಬರ್ತೀನಿ ಅಪ್ಪಯ್ಯ' ಅನ್ನುತ್ತಿದ್ದ. 'ಬಾಪ್ಪ. ಏಣಿ ಗಟ್ಟಿ ಹಿಡ್ಕೊ' ಅನ್ನುತ್ತಿದ್ದರು ಅವರು. ಹೆಂಡತಿ ಇದ್ದಾಗಲೂ ಎಷ್ಟೋ ಸಲ ಈ ಜಗಲಿಯ ಮೇಲೇ ಮಲಗಿದ್ದುಂಟು ಎಂದು ನಗುತ್ತಿದ್ದರು.

ನನಗೆ ಇಂದು ಎಲ್ಲಕ್ಕಿಂತ ಹೆಚ್ಚು ಕೊರೆಯುವುದು ಆ ತಿಂಗಳುಗಳ ನೆಮ್ಮದಿ. ಯಾರೂ ಅವರಿಗೆ ಕೆಟ್ಟದ್ದು ಮಾಡಲಿಲ್ಲ. ಎಲ್ಲರೂ ಒಳ್ಳೆಯವರಾಗಿದ್ದೆವು. ಅದರಿಂದಲೇ ಒಬ್ಬ ಮನುಷ್ಯ ತನ್ನ ಮನೆಯ ಹೊರಗೆ ಕೂತಿದ್ದಾನೆ ಎಂಬುದು ಮೆಲ್ಲಮೆಲ್ಲಗೆ ಬೀದಿಯ ಗುರುತಾಗಿಹೋಯಿತು. 'ಜಗಲಿ ಮರಿಸ್ವಾಮಿ ಮನೆಯಿಂದ ಎಡಕ್ಕೆ' ಎಂದು ದಾರಿ ಹೇಳುವುದು ರೂಢಿಯಾಯಿತು. ಮಾದೇವಿಗೆ ಮಾತ್ರ ರೂಢಿಯಾಗಲಿಲ್ಲ. ಅವಳು ಅಡುಗೆಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಳು. ಏನಾದರೂ ಕೇಳಬೇಕಾದರೆ ಎದುರಿಗೆ ಬಂದು ನಿಂತು, ಮುಖ ನೋಡಿ, ಆಮೇಲೆ ಕೇಳುತ್ತಿದ್ದಳು.

ಚಳಿ ಬಿದ್ದ ಮೇಲೆ ಮರಿಸ್ವಾಮಿಗೆ ಕೆಮ್ಮು ಹತ್ತಿತು. ಆಸ್ಪತ್ರೆಯ ಬಾಗಿಲೂ ತೆರೆಯುವಂತಿರಲಿಲ್ಲ. ಡಾಕ್ಟರೇ ಜಗಲಿಗೆ ಬಂದು ಎದೆ ನೋಡಿ, ಸೂಜಿ ಚುಚ್ಚಿ, ಮಾದೇವಿಯನ್ನು ಪಕ್ಕಕ್ಕೆ ಕರೆದರು. 'ಔಷಧಿ ನಾನು ಕೊಡಬಹುದು. ಗೋಡೆ ಕೊಡೋಕಾಗಲ್ಲ. ಬೆಚ್ಚಗೆ ಒಳಗೆ ಮಲಗಲಿಲ್ಲ ಅಂದ್ರೆ ಈ ಚಳಿ ದಾಟೋದು ಕಷ್ಟ.'

ಮಾದೇವಿ ಅವತ್ತೇ ಮನೆಮನೆಗೆ ಹೊರಟಳು, ಎಲ್ಲರೂ ಒಟ್ಟಿಗೆ ಕರೆಯಬೇಕೆಂದು ಕೇಳಿಕೊಳ್ಳಲು. ಎದುರು ಮನೆಯ ನಿವೃತ್ತ ಗುಮಾಸ್ತ ಶೇಷಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. 'ನಮ್ಮ ಬಾಗಿಲು ಮೊದಲೇ ಅರೆಮಂದ ಕಣಮ್ಮ. ಬಚ್ಚಲು ಬೇರೆ ಹಿತ್ತಲಲ್ಲಿ. ಈ ವಯಸ್ಸಲ್ಲಿ ಅದು ಯೋಚನೆ ಮಾಡ್ತಾ ನಿಂತ್ರೆ ನನ್ನ ಗತಿಯೇನು ಹೇಳು.'

'ಅವರು ನಿಮ್ಮ ಓರಗೆಯವರೇ ಅಲ್ವಾ? ಅವರ ಬಚ್ಚಲು ಎಲ್ಲಿದೆ ಅಂತ ಕೇಳಿದ್ದೀರಾ?'

ಶೇಷಪ್ಪ ಕನ್ನಡಕ ಮತ್ತೆ ಹಾಕಿಕೊಂಡು, 'ಯಾವತ್ತು ಕರೀಬೇಕು?' ಎಂದರು.

ಬ್ಲೌಸು ಹೊಲಿಯುವ ಮುನೀರಾಬಿ ಒಪ್ಪಲು ಒಂದು ಗಳಿಗೆಯೂ ತಡಮಾಡಲಿಲ್ಲ. 'ಆಗ್ಲಿ ಬಿಡು ಬಾಗಿಲು ಮಂದ. ಗಿರಾಕಿಗಳು ಕಿಟಕಿಯಲ್ಲೇ ಅಳತೆ ಕೊಡ್ಲಿ. ದಪ್ಪ ಇರೋರಿಗೆ ಸ್ವಲ್ಪ ಕಷ್ಟ ಆಗುತ್ತೆ ಅಷ್ಟೇ.' ಅಳುತ್ತಿದ್ದ ಮಾದೇವಿ ನಕ್ಕುಬಿಟ್ಟಳು. ಹೀಗೆ ಒಬ್ಬೊಬ್ಬರಾಗಿ ಬೀದಿ ಒಪ್ಪಿತು. ಕೊನೆಗೆ ಉಳಿದದ್ದು ಅವಳ ಮನೆ. ನಿಂಗರಾಜು ಏಣಿಯ ಮೆಟ್ಟಿಲಿಗೆ ಹಗ್ಗ ಬಿಗಿಯುತ್ತಿದ್ದ. 'ಮಂದ ಬಾಗಿಲಿನೋರನ್ನ ಕಾಯಂ ಮಾಡಲ್ಲ ಅಂತಾರೆ' ಅಂದ. ಅವಳು ನೋಡುತ್ತಲೇ ಇದ್ದಳು. 'ನಾನೇನು ಕರೆಯಲ್ಲ ಅಂದ್ನಾ? ನಮ್ಮಪ್ಪ ಕಣೇ ಅವರು. ಕರೀತೀನಿ.'

ಕರೆಯುವಾಗ ಹೊರಬೀದಿಯವನೊಬ್ಬ ಸಾಕ್ಷಿ ಇರಬೇಕೆಂದು ನಿಯಮ. ನನ್ನನ್ನೇ ನಿಲ್ಲಿಸಿದರು. ಭಾನುವಾರ ಸಂಜೆ, ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ತಂತಮ್ಮ ಹೊಸ್ತಿಲಲ್ಲಿ ನಿಂತರು. ಶೇಷಪ್ಪ ಕೋಟು ತೊಟ್ಟಿದ್ದರು. ಮರಿಸ್ವಾಮಿ ಗಡ್ಡ ಹೆರೆಸಿಕೊಂಡು, ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಬಾಗಿಲ ಎದುರು ಮದುವೆ ಗಂಡಿನ ಹಾಗೆ ನಾಚಿಕೊಂಡು ನಿಂತಿದ್ದರು. ನಾನು ಅವರ ಪಕ್ಕದಲ್ಲಿ, ಹೊಸ್ತಿಲಿಗೆ ಎರಡು ಮಾರು ದೂರದಲ್ಲಿದ್ದೆ. ಕೈ ಎತ್ತಿ ಇಳಿಸಿದೆ.

'ಬನ್ನಿ!'

ನಾನು ಆ ಬೀದಿಯಲ್ಲಿ ಅಂಥ ದನಿ ಹಿಂದೆ ಕೇಳಿರಲಿಲ್ಲ. ಶೇಷಪ್ಪನವರ ಒಡಕು ದನಿ, ಮುನೀರಾಬಿಯ ಗಟ್ಟಿ ದನಿ, ಮೂಲೆಮನೆಯ ಬಾಣಂತಿಯ ಸಣ್ಣ ದನಿ ಎಲ್ಲ ಬೇರೆಬೇರೆಯಾಗಿಯೂ ಕೇಳಿದವು, ಒಂದಾಗಿಯೂ ಕೇಳಿದವು. ನನ್ನೆದುರಿನ ಹೊಸ್ತಿಲಲ್ಲಿ ಮಾದೇವಿ ಕಣ್ಣು ಮುಚ್ಚಿ ಕರೆದಳು. ಅವಳ ಪಕ್ಕದಲ್ಲಿ ನಿಂಗರಾಜುವಿನ ತುಟಿಗಳು ತೆರೆದು ಮುಚ್ಚಿದವು. ಅಷ್ಟು ಹತ್ತಿರದಲ್ಲಿದ್ದ ನನಗೆ ಅವನ ದನಿ ಕೇಳಲಿಲ್ಲ. ಗಂಟಲಿನ ನರ ಅಲುಗಲಿಲ್ಲ. ಮಾದೇವಿ ಕಣ್ಣು ತೆರೆದು, ಬಾಗಿಲನ್ನಲ್ಲ, ಗಂಡನನ್ನು ನೋಡಿದಳು.

ಇಬ್ಬರೂ ದಾರಿ ಬಿಟ್ಟು ಒಳಗೆ ಸರಿದರು, ಮರಿಸ್ವಾಮಿ ಹೆಜ್ಜೆ ಮುಂದಿಟ್ಟರು. ಬಾಗಿಲು ಅವರ ಮುಖದೆದುರು ಮೆಲ್ಲಗೆ ಮುಚ್ಚಿಕೊಂಡಿತು.

ಬೀದಿಯಲ್ಲಿ ಗದ್ದಲವೆದ್ದಿತು. 'ಯಾರೋ ಕರೀಲಿಲ್ಲ!' 'ಶೇಷಪ್ಪನೋರೇ ಇರಬೇಕು, ಅವರಿಗೆ ಬಚ್ಚಲಿನ ಚಿಂತೆ.' 'ಏನಂದೆ? ನನ್ನ ದನಿ ಬಸ್‌ಸ್ಟ್ಯಾಂಡಿಗೆ ಕೇಳಿರುತ್ತೆ ಕಣಯ್ಯ!' ಬಾಣಂತಿಯ ಗಂಡ ಮುನೀರಾಬಿಯ ಮಗನ ಕಡೆ ಬೆರಳು ತೋರಿಸಿದ. ಕೆಲವರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಮರಿಸ್ವಾಮಿ ನನ್ನ ಮುಂಗೈ ಹಿಡಿದು ಒತ್ತಿದರು.

'ಸುಮ್ನಿರ್ರಪ್ಪ. ನಂದೇ ತಪ್ಪು. ನೀವೆಲ್ಲ ಕರೆಯೋ ಹೊತ್ತಿಗೆ ಸರಿಯಾಗಿ ಕೆಮ್ಮಿಬಿಟ್ಟೆ. ನಿಮ್ಮ ದನಿ ಮೇಲೆ ನನ್ನ ಕೆಮ್ಮು ಬಿತ್ತು. ಹಾಳು ಕೆಮ್ಮು.'

ಅವರು ಕೆಮ್ಮಿರಲಿಲ್ಲ. ಆದರೆ ಎಲ್ಲರಿಗೂ ಅದು ಬೇಕಾಗಿತ್ತು. ಅಯ್ಯೋ ಹೌದಾ, ಇನ್ನೊಂದು ಸಲ ಕರೆದರಾಯಿತು ಬಿಡಿ ಎಂದು ಹಗುರಾಗಿ ಒಳಗೆ ಸರಿದರು. ಮರಿಸ್ವಾಮಿ ಚಾಪೆಯನ್ನು ಮತ್ತೆ ಜಗಲಿಯ ಮೇಲೆ ಹಾಸಿದರು. ಮುದುರು ಹೋಗುವಂತೆ ಅಂಗೈಯಿಂದ ಸವರಿದರು. ಮಗನ ಕಡೆ ಅವರು ನೋಡಲೇ ಇಲ್ಲ, ಅವನಿಗೆ ನಾಚಿಕೆಯಾಗದಿರಲೆಂದು.

ಅವತ್ತು ರಾತ್ರಿ ಒಳಗೆ ಆಡಿದ ಮಾತನ್ನು ಮಾದೇವಿ ಮರುದಿನ ಹೊಳೆಯ ದಾರಿಯಲ್ಲಿ ನನಗೆ ಹೇಳಿದಳು. 'ಗಂಟಲವರೆಗೂ ಬಂತು ಕಣೇ, ಆಮೇಲೆ ಬರಲಿಲ್ಲ' ಎಂದನಂತೆ ನಿಂಗರಾಜು. ಸುಳ್ಳು ಹೇಳುತ್ತಿರಲಿಲ್ಲ ಎಂದಳು ಅವಳು. ದಿನವೂ ಏಣಿ ಹತ್ತಿ ಆ ಕಿವಿಗಳನ್ನು ಒರೆಸಿ ಒರೆಸಿ, ಅವಕ್ಕೆ ಹೆದರುವುದು ಅವನ ಮೈಗೇ ಅಂಟಿಬಿಟ್ಟಿತ್ತು. 'ಮುಂದಿನ ಭಾನುವಾರ ಇನ್ನೊಂದು ಸಲ ಕರೆಯೋಣ' ಎಂದನಂತೆ.

'ಮಾವ ಇನ್ನೊಂದು ಸಲ ಕೆಮ್ಮಬೇಕಾ?' ಎಂದಳಂತೆ ಇವಳು.

ಆ ಮರುದಿನ ಬೆಳಿಗ್ಗೆಯೇ ಉಪಕರಣದ ಪೆಟ್ಟಿಗೆ ಹೊರಲು ನನ್ನನ್ನು ಕರೆದಿದ್ದಳು. ಬಂದಾಗ ಮರಿಸ್ವಾಮಿ ಜಗಲಿಯಿಂದ ಇಳಿದು, ಕೊರಳಿಗೆ ಮಫ್ಲರು ಸುತ್ತಿ ನಿಂತಿದ್ದರು. 'ಈ ಹಟಮಾರಿ ಬಿಡಲ್ಲ ಅಂತಾಳೆ ಮೇಷ್ಟ್ರೇ. ಅವಳ ಊರಲ್ಲಿ ಬಾಗಿಲನ್ನ ತಳ್ಳಿದ್ರೆ ತೆಗೆಯುತ್ತಂತೆ. ನೋಡೇಬಿಡೋಣ' ಎಂದರು. ನಗಲು ಹೋಗಿ ಕೆಮ್ಮಿದರು, ಈ ಸಲ ನಿಜವಾಗಿಯೇ.

ಮಾದೇವಿ ಬಟ್ಟೆಯ ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಹಿಂದಿನಿಂದ, ಒಳಮನೆಯ ಕತ್ತಲಿನಿಂದ ನಿಂಗರಾಜು ಕೇಳಿದ. ಊರಿನ ಮಗನಲ್ಲವೇ, ಬೇರೆ ಹೇಗೆ ಕೇಳಬೇಕೆಂದು ಅವನಿಗೂ ತಿಳಿಯದು.

'ಮಾದೇವಿ, ಬರ್ತೀಯಾ?'

ಊರಿಗೆ ಹೊರಟೆಯಾ ಎಂದು ಕೇಳಿದನೋ, ಮರಳಿ ಬರುತ್ತೀಯಾ ಎಂದು ಕೇಳಿದನೋ ಹೇಳುವುದು ಕಷ್ಟ. ನಮ್ಮ ಊರಿನಲ್ಲಿ ಅವೆರಡಕ್ಕೂ ಒಂದೇ ಮಾತು. ಅವಳು ಒಂದು ಕಾಲನ್ನು ಆಚೆ ಇಟ್ಟು ನಿಂತಳು. ನಾಲಿಗೆಯ ತುದಿಯವರೆಗೂ ಒಂದು ಮಾತು ಬಂದಿತ್ತಂತೆ; ಯಾವುದೆಂದು ಅವಳು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವಳು ಅವನ ಕ್ರಿಯಾಪದವನ್ನು ಅವನಿಗೆ ಮರಳಿಸಲಿಲ್ಲ. ಇನ್ನೊಂದು ಕಾಲನ್ನೂ ಆಚೆ ಇಟ್ಟು, ಮಾವನ ಕೈ ಹಿಡಿದು ನಡೆದಳು. ನಾನು ಪೆಟ್ಟಿಗೆ ಹೊತ್ತು ಹೊಳೆಯ ದೋಣಿಯವರೆಗೆ ಬಂದು, ಅವರು ಆಚೆ ದಡದಲ್ಲಿ ಇಳಿಯುವವರೆಗೂ ನಿಂತಿದ್ದೆ.

ಕೆಲವು ದಿನಗಳ ಮೇಲೆ ನಿಂಗರಾಜು ಕಚೇರಿಗೆ ಬಂದು, ಹೆಂಡತಿ ಮನೆಯಲ್ಲಿಲ್ಲ, ಅವಳಿಗೆ ಹೇಳಿಕಳಿಸುವ ದಾರಿ ಏನಾದರೂ ಇದೆಯೇ ಎಂದು ವಿಚಾರಿಸಿದನಂತೆ. ಅಧಿಕಾರಿಣಿ ತಂತಿಗಳನ್ನು ಪರೀಕ್ಷಿಸಿ ನೋಡಿ, ಅವನನ್ನು ಸಮಾಧಾನ ಮಾಡಿ ಕಳಿಸಿದರು. ಗಾಬರಿಯಾಗುವಂಥದ್ದೇನೂ ಇಲ್ಲ, ಆಕೆ ಹೊಸ್ತಿಲಲ್ಲಿ ಏನನ್ನೂ ಹೇಳಿಲ್ಲ; ಬರ್ತೀನಿ ಅಂದಿಲ್ಲ, ಇನ್ನೊಂದನ್ನೂ ಅಂದಿಲ್ಲ. ಅಂದಮೇಲೆ ಹೊರಟಿಲ್ಲ. ಮನೆಯೊಳಗೇ ಇದ್ದಾಳೆ, ಕ್ಷೇಮವಾಗಿ.

ಅವನ ಕೆಲಸ ಈಗ ಕಾಯಂ ಆಗಿದೆ. ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಒಮ್ಮೊಮ್ಮೆ ಕಾಣುತ್ತಾನೆ. ಏಣಿಯನ್ನು ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು, ಬರಿದಾದ ಅಡುಗೆಮನೆಯ ಕಡೆ ತಿರುಗಿ 'ಬರ್ತೀನಿ' ಅನ್ನುತ್ತಾನೆ. ದನಿ ಚೆನ್ನಾಗಿಯೇ ಕೇಳುತ್ತದೆ, ನಮ್ಮ ಬೀದಿಯವರೆಗೂ.